ಅಂಗಡಿಯ ಸೀಸ ಮನೆಯ ಹೊಸ್ತಿಲು ದಾಟದಿರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ಊರುಗಳಲ್ಲಿ ಯಾವುದರ ದೊಡ್ಡ ರಸ್ತೆಯಲ್ಲಿ ನಡೆದು ಹೋದರೂ ಕಣ್ಣಿಗೆ ಬೀಳುವ ಅಂಗಡಿಗಳು ಹೆಚ್ಚು ಕಡಿಮೆ ಒಂದೇ: ಬ್ಯಾಟರಿ ಅಂಗಡಿ, ರೇಡಿಯೇಟರ್ ರಿಪೇರಿ, ವೆಲ್ಡಿಂಗ್, ಟ್ರ್ಯಾಕ್ಟರ್ ಗ್ಯಾರೇಜು, ಗಾಡಿಗೆ ಬಣ್ಣ ಹೊಡೆಯುವ ಶೆಡ್ಡು, ಗುಜರಿ. ಈ ಅಂಗಡಿಗಳಲ್ಲಿ ದುಡಿದು ಮನೆ ನಡೆಸುವವರಲ್ಲಿ ನಮ್ಮವರು ಬಹಳ ಮಂದಿ. ತಂದೆಯಿಂದ ಮಗ, ಅಣ್ಣನಿಂದ ತಮ್ಮ ಕಲಿತ ಕಸುಬು ಇದು. ಹಲಾಲ್ ದುಡಿಮೆ, ಯಾರ ಹಂಗೂ ಇಲ್ಲದ ದುಡಿಮೆ.

ಈ ಲೇಖನ ಆ ಕಸುಬನ್ನು ಬಿಡಿ ಎಂದು ಹೇಳುವುದಕ್ಕಲ್ಲ. ಆ ಕಸುಬಿನ ಜೊತೆಗೆ ಕಣ್ಣಿಗೆ ಕಾಣದೆ ಮನೆಗೆ ಬರುವ ಒಂದು ವಸ್ತುವಿನ ಬಗ್ಗೆ ಎಚ್ಚರಿಸುವುದಕ್ಕೆ. ಅದರ ಹೆಸರು ಸೀಸ. ಬ್ಯಾಟರಿ ಅಂಗಡಿಯಲ್ಲಿ ಎಲ್ಲರೂ ಹೆದರುವುದು ಆಸಿಡ್‌ಗೆ. ಆಸಿಡ್ ಬಿದ್ದರೆ ಬಟ್ಟೆ ತೂತಾಗುತ್ತದೆ, ಕೈ ಉರಿಯುತ್ತದೆ, ಕೂಡಲೇ ತೊಳೆಯುತ್ತೇವೆ. ಸೀಸ ಉರಿಯುವುದಿಲ್ಲ, ತುರಿಸುವುದಿಲ್ಲ, ವಾಸನೆ ಬರುವುದಿಲ್ಲ. ಅದಕ್ಕೇ ಯಾರೂ ಅದನ್ನು ತೊಳೆಯುವುದಿಲ್ಲ. ಅಂಗಿಯ ಮೇಲೆ, ಉಗುರಿನ ಸಂದಿನಲ್ಲಿ, ಗಡ್ಡದಲ್ಲಿ, ಚಪ್ಪಲಿಯ ತಳದಲ್ಲಿ ಕೂತು ಸಂಜೆ ಮನೆಗೆ ಬರುತ್ತದೆ. ಬಾಗಿಲಲ್ಲೇ ‘ಅಬ್ಬಾ’ ಎಂದು ಓಡಿ ಬಂದು ಕಾಲು ಹಿಡಿದುಕೊಳ್ಳುವ ಮಗು ಅದನ್ನು ಮೊದಲು ಮುಟ್ಟುತ್ತದೆ.

ಸೀಸ ಎಲ್ಲಿಂದ ಏಳುತ್ತದೆ?

ಲಾರಿ, ಟ್ರ್ಯಾಕ್ಟರ್, ಇನ್ವರ್ಟರ್‌ಗಳ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ. ಮುಚ್ಚಿದ ಬ್ಯಾಟರಿ ಮನೆಯ ಮೂಲೆಯಲ್ಲಿ ಇದ್ದರೆ ಸೀಸದ ಭಯವಿಲ್ಲ. ಅದನ್ನು ಬಿಚ್ಚಿದಾಗ ತೊಂದರೆ ಶುರುವಾಗುತ್ತದೆ. ಹಳೆಯ ಪ್ಲೇಟುಗಳ ಮೇಲೆ ಇರುವ ಕಂದು, ಬೂದು ಬಣ್ಣದ ಪುಡಿ ಸೀಸದ ಸಂಯುಕ್ತ. ಅದು ಒಣಗಿದ ಮೇಲೆ ಹಿಟ್ಟಿನಷ್ಟು ನಯವಾಗಿ ಹಾರುತ್ತದೆ. ಟರ್ಮಿನಲ್ ಕಟ್ಟಲು ಸೀಸ ಕರಗಿಸುವಾಗ ಇನ್ನೊಂದು ದಾರಿ ತೆರೆಯುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಗ್ಯಾಸ್ ಜ್ವಾಲೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಆ ಬಿಸಿಗೆ ಎದ್ದ ಸೀಸದ ಹೊಗೆ ಬಹಳ ಸೂಕ್ಷ್ಮ. ಉಸಿರಿನೊಡನೆ ಶ್ವಾಸಕೋಶದ ಒಳಗಿನ ತುದಿಗೆ ಹೋಗಿ ನೇರ ರಕ್ತಕ್ಕೆ ಸೇರುತ್ತದೆ.

ರೇಡಿಯೇಟರ್ ಬೆಸುಗೆಯಲ್ಲಿ, ಗಾಡಿಯ ಹಳೆಯ ಹಳದಿ–ಕೆಂಪು ಬಣ್ಣವನ್ನು ಉಜ್ಜಿ ತೆಗೆಯುವುದರಲ್ಲಿ, ಗುಜರಿಯ ತಂತಿ ಸುಡುವುದರಲ್ಲಿ, ಮೀನಿನ ಬಲೆಗೆ ಸೀಸದ ಗುಂಡು ಎರಕ ಹೊಯ್ಯುವುದರಲ್ಲಿಯೂ ಇದೇ ಅಪಾಯವಿದೆ. ಜಾತ್ರೆ, ಉರುಸಿನಲ್ಲಿ ಬಲೂನಿಗೆ ಗುರಿ ಇಟ್ಟು ಹೊಡೆಯುವ ಏರ್‌ಗನ್ ಅಂಗಡಿ ನೋಡಿದ್ದೀರಿ. ಅದರ ಛರ್ರಾ ಸಾಮಾನ್ಯವಾಗಿ ಸೀಸದ್ದು. ಗುರಿ ಇಡುವ ಗಡಿಬಿಡಿಯಲ್ಲಿ ನಾಲ್ಕು ಛರ್ರಾಗಳನ್ನು ತುಟಿಯ ನಡುವೆ ಹಿಡಿದುಕೊಳ್ಳುವ ಹುಡುಗರೂ ಇದ್ದಾರೆ. ಹಾಗೆ ಮಾಡಲು ಬಿಡಬೇಡಿ. ಆಟ ಮುಗಿದ ಮೇಲೆ ಕೈ ತೊಳೆಸಿಯೇ ಮಿರ್ಚಿ, ಖಾರಾ ಕೊಡಿಸಿ.

ದೇಹದಲ್ಲಿ ಏನು ಮಾಡುತ್ತದೆ?

ನಮ್ಮ ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಬಂದ ಸೀಸದ ಅರ್ಧದಷ್ಟು ಸುಮಾರು ಒಂದು ತಿಂಗಳಲ್ಲಿ ರಕ್ತದಿಂದ ಹೋಗುತ್ತದೆ ನಿಜ. ಆದರೆ ಒಂದು ಪಾಲು ಎಲುಬಿನಲ್ಲಿ ಕೂರುತ್ತದೆ. ಅಲ್ಲಿ ಹತ್ತಾರು ವರ್ಷ ಇರುತ್ತದೆ.

ದೊಡ್ಡವರಲ್ಲಿ ಅದು ರಕ್ತದ ಒತ್ತಡ ಏರಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ, ರಕ್ತಹೀನತೆ ತರುತ್ತದೆ, ಗಂಡಸರಲ್ಲಿ ವೀರ್ಯದ ಗುಣ ಕುಗ್ಗಿಸುತ್ತದೆ. ತಿಂಗಳುಗಟ್ಟಲೆ ಮಲಬದ್ಧತೆ, ಹೊಟ್ಟೆಯಲ್ಲಿ ಹಿಂಡಿದಂತೆ ನೋವು, ಕೀಲು ನೋವು, ಸುಸ್ತು, ಸಣ್ಣ ಮಾತಿಗೂ ಸಿಟ್ಟು – ಇವು ಸೀಸ ಏರಿದವರಲ್ಲಿ ಕಾಣುವ ಲಕ್ಷಣಗಳು. ನಾವು ಇದನ್ನು ‘ಗ್ಯಾಸ್’ ಎನ್ನುತ್ತೇವೆ, ‘ಉಷ್ಣ’ ಎನ್ನುತ್ತೇವೆ, ಮಾತ್ರೆ ನುಂಗಿ ಮತ್ತೆ ಅದೇ ಅಂಗಡಿಗೆ ಹೋಗುತ್ತೇವೆ. ಪ್ರಮಾಣ ಬಹಳ ಏರಿದಾಗ ಮಣಿಕಟ್ಟು ಎತ್ತಲಾಗದೆ ಜೋತು ಬೀಳುವುದೂ ಉಂಟು.

ಮಕ್ಕಳ ವಿಷಯ ಬೇರೆ. ಒಂದೇ ಪ್ರಮಾಣದ ಸೀಸ ನುಂಗಿದರೂ ಚಿಕ್ಕ ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಸೀಸ ಆ ಬೆಳವಣಿಗೆಯನ್ನೇ ಮುಟ್ಟುತ್ತದೆ. ಬುದ್ಧಿಮಟ್ಟ ಇಳಿಯುತ್ತದೆ, ಗಮನ ನಿಲ್ಲುವುದಿಲ್ಲ, ಕಲಿತದ್ದು ತಲೆಯಲ್ಲಿ ಉಳಿಯುವುದಿಲ್ಲ. ಆ ಮಗುವಿಗೆ ಜ್ವರವಿಲ್ಲ, ಕೆಮ್ಮಿಲ್ಲ. ನೋಡಲು ಚೆನ್ನಾಗಿಯೇ ಇರುತ್ತದೆ. ಶಾಲೆಯಲ್ಲಿ ‘ಹುಡುಗ ಮಂದ, ಹಟಮಾರಿ’ ಎನ್ನುತ್ತಾರೆ, ಮನೆಯಲ್ಲಿ ಪೆಟ್ಟು ಬೀಳುತ್ತದೆ. ಹೀಗೆ ಆದ ನಷ್ಟವನ್ನು ಆಮೇಲೆ ಔಷಧಿಯಿಂದ ತುಂಬಿಕೊಡಲು ಆಗುವುದಿಲ್ಲ.

ಗರ್ಭಿಣಿಯರೂ ಎಚ್ಚರ ವಹಿಸಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಕ್ಯಾಲ್ಸಿಯಂ ಕೊಡಲು ತಾಯಿಯ ಎಲುಬು ಕರಗುವಾಗ, ಅಲ್ಲಿ ಎಂದೋ ಕೂತ ಸೀಸವೂ ಹೊರಗೆ ಬಂದು ಮಗುವನ್ನು ತಲುಪುತ್ತದೆ. ಮಗಳು ಚಿಕ್ಕವಳಿದ್ದಾಗ ಮನೆಗೆ ತಂದ ಸೀಸ ಮೊಮ್ಮಗುವಿಗೆ ತಗಲುವುದು ಹೀಗೆ.

ನಮ್ಮ ಭಾಗದಲ್ಲೇ ಕಂಡದ್ದು

ಇದು ಎಲ್ಲೋ ದೂರದ ಮಾತಲ್ಲ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಸಂಶೋಧಕರು ಉತ್ತರ ಕರ್ನಾಟಕದ ಆಟೊಮೊಬೈಲ್ ಕೆಲಸಗಾರರ ರಕ್ತ ಪರೀಕ್ಷಿಸಿ 2010–11ರ ಸುಮಾರಿಗೆ ವರದಿ ಪ್ರಕಟಿಸಿದ್ದರು. ಈ ಕೆಲಸದಲ್ಲಿಲ್ಲದವರಿಗೆ ಹೋಲಿಸಿದರೆ ಇವರ ರಕ್ತದಲ್ಲಿ ಸೀಸ ಹೆಚ್ಚಿತ್ತು, ರಕ್ತದೊತ್ತಡ ಏರಿತ್ತು, ರಕ್ತ ತಯಾರಾಗುವ ಕ್ರಿಯೆಗೆ ಪೆಟ್ಟು ಬಿದ್ದಿತ್ತು.

ಅದಕ್ಕೂ ಮೊದಲು, 1990ರ ದಶಕದ ಕೊನೆಯಲ್ಲಿ, ಬೆಂಗಳೂರು ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಜಾರ್ಜ್ ಫೌಂಡೇಶನ್ ನಡೆಸಿದ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತ್ತು. ಆಗ ಪೆಟ್ರೋಲಿಗೇ ಸೀಸ ಬೆರೆಸುತ್ತಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಈ ವಿಷಯವನ್ನು ಬಿಡದೆ ಎತ್ತಿ ಹಿಡಿದರು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. 2017ರ ನವೆಂಬರ್‌ನಿಂದ ಮನೆಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ಬಂತು.

ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಹೊರತಂದ ವರದಿ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ ಎಂದು ಅಂದಾಜು ಮಾಡಿತು. ಭಾರತವೊಂದರಲ್ಲೇ 27 ಕೋಟಿಗೂ ಹೆಚ್ಚು ಮಕ್ಕಳು. ಪೆಟ್ರೋಲಿನಿಂದ ಸೀಸ ಹೋದ ಮೇಲೂ ಇಷ್ಟು ಎಲ್ಲಿಂದ? ಆ ವರದಿ ಮುಖ್ಯವಾಗಿ ಬೊಟ್ಟು ಮಾಡಿದ್ದು ಹಳೆಯ ಬ್ಯಾಟರಿಗಳನ್ನು ಸರಿಯಾದ ವ್ಯವಸ್ಥೆ ಇಲ್ಲದೆ ಒಡೆದು ಕರಗಿಸುವ ಕಡೆಗೆ.

ಶೂಟಿಂಗ್ ರೇಂಜಿನಿಂದ ಕಲಿಯಬೇಕಾದ ಪಾಠ

ಸೀಸದ ಧೂಳನ್ನು ಹೇಗೆ ಹಿಡಿತದಲ್ಲಿ ಇಡಬೇಕು ಎಂಬುದನ್ನು ತಿಳಿಯಲು ಒಂದು ವಿಚಿತ್ರ ಜಾಗ ನೋಡೋಣ: ಕಟ್ಟಡದ ಒಳಗೆ ಬಂದೂಕಿನ ಗುರಿ ಅಭ್ಯಾಸ ಮಾಡುವ ಶೂಟಿಂಗ್ ರೇಂಜು. ಗುಂಡು ಸೀಸದ್ದು, ಅದನ್ನು ಸಿಡಿಸುವ ಮದ್ದಿನಲ್ಲೂ ಬಹಳ ಸಲ ಸೀಸವಿರುತ್ತದೆ. ಪ್ರತಿ ಸಲ ಸಿಡಿದಾಗಲೂ ಸಣ್ಣ ಹೊಗೆ ಏಳುತ್ತದೆ. ಮುಚ್ಚಿದ ಕೋಣೆಯಾದ್ದರಿಂದ ಅದು ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ. ಅಲ್ಲಿ ದಿನವೂ ಇರುವ ತರಬೇತಿದಾರರ, ಕಸ ಗುಡಿಸುವವರ ರಕ್ತದಲ್ಲಿ ಸೀಸ ಏರಿದ್ದು ಕಂಡ ಮೇಲೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1975ರಲ್ಲೂ ಮತ್ತೆ 2009ರಲ್ಲೂ ಇಂಥ ರೇಂಜುಗಳಿಗಾಗಿ ಮಾರ್ಗದರ್ಶಿ ಹೊರಡಿಸಿತು.

ಅದರ ಸಾರ ಸರಳ. ಮೊದಲನೆಯದು, ಗಾಳಿ ಗುರಿಕಾರನ ಬೆನ್ನ ಹಿಂದಿನಿಂದ ಸಮನಾಗಿ ಬಂದು, ಅವನ ಮುಖದಿಂದ ಮುಂದಕ್ಕೆ ಸಾಗಿ, ಗುರಿಯ ಆಚೆ ಹೊರಗೆ ಹೋಗಬೇಕು; ಸುಳಿಯಾಗಿ ಮುಖಕ್ಕೆ ಮರಳಬಾರದು. ಎರಡನೆಯದು, ಒಣ ಪೊರಕೆಯಿಂದ ಎಂದೂ ಗುಡಿಸಬಾರದು. ಮೂರನೆಯದು, ಅಲ್ಲಿ ತಿನ್ನುವುದು, ಕುಡಿಯುವುದು, ಬೀಡಿ ಸೇದುವುದು ಬೇಡ. ನಾಲ್ಕನೆಯದು, ಕೈ ಮುಖ ತೊಳೆದು, ಬಟ್ಟೆ ಮತ್ತು ಚಪ್ಪಲಿ ಬದಲಿಸಿ ಮನೆಗೆ ಹೋಗಬೇಕು. ಐದನೆಯದು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು.

ಈಗ ನಮ್ಮ ಊರಿನ ಬ್ಯಾಟರಿ ಅಂಗಡಿ ನೆನಪಿಸಿಕೊಳ್ಳಿ. ಮೂರು ಕಡೆ ಗೋಡೆ, ಒಂದು ಕಡೆ ಶಟರ್. ಕೆಲಸದ ಮೇಜು ಒಳಗಿನ ಗೋಡೆಗೆ ತಾಗಿ ಇರುತ್ತದೆ. ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುತ್ತದೆ. ಬಂದೂಕು ಇಲ್ಲ ಎನ್ನುವುದೊಂದು ಬಿಟ್ಟರೆ ಇದೂ ಒಂದು ಮುಚ್ಚಿದ ರೇಂಜೇ. ಆ ಐದು ನಿಯಮಗಳು ಇಲ್ಲಿಗೂ ಅಷ್ಟೇ ಹೊಂದುತ್ತವೆ.

ನಿಮ್ಮ ಅಂಗಡಿಯನ್ನು ನೀವೇ ನೋಡಿ

ಒಂದು ಬಿಡುವಿನ ಬೆಳಿಗ್ಗೆ ಈ ನಾಲ್ಕು ಸಂಗತಿ ಗಮನಿಸಿ.

1. ಒಂದು ಕಡ್ಡಿಯ ತುದಿಗೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಕಟ್ಟಿ, ನೀವು ಸೀಸ ಕರಗಿಸುವ ಜಾಗದಲ್ಲಿ ಹಿಡಿಯಿರಿ. ಪಟ್ಟಿ ಬಾಗಿಲ ಕಡೆ ಹಾರುತ್ತದೆಯೋ ನಿಮ್ಮ ಮುಖದ ಕಡೆಗೋ? ಮುಖದ ಕಡೆಗೆ ಹಾರಿದರೆ ದಿನವಿಡೀ ಹೊಗೆಯೂ ಅದೇ ದಾರಿ ಹಿಡಿಯುತ್ತಿದೆ ಎಂದರ್ಥ. ಈ ಪರೀಕ್ಷೆಗೆ ಊದುಬತ್ತಿ ಬಳಸಬೇಡಿ. ಚಾರ್ಜಿಗೆ ಇಟ್ಟ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕಿಡಿ ತಗಲಿದರೆ ಸಿಡಿಯುತ್ತದೆ.

2. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಲ್ಲೆಯ ಮೇಲೆ, ನೀರಿನ ಕೊಡದ ಮುಚ್ಚಳದ ಮೇಲೆ, ಊಟದ ಡಬ್ಬಿ ಇಡುವ ಜಾಗದ ಮೇಲೆ ಒರೆಸಿ. ಬೂದು, ಕಂದು ಪುಡಿ ಬಂದರೆ ಅದು ನಿಮ್ಮ ಅನ್ನದ ಮೇಲೂ ಬೀಳುತ್ತಿದೆ. ಬಟ್ಟೆ ಬೆಳ್ಳಗೆ ಉಳಿದರೂ ಸೀಸ ಇಲ್ಲವೆಂದಲ್ಲ. ಕಣ್ಣಿಗೆ ಕಾಣದಷ್ಟು ಇದ್ದರೂ ಮಕ್ಕಳಿಗೆ ಸಾಕು.

3. ನೀವು ಸಂಜೆ ಹೊರಡುವಾಗ ಏನೇನು ಮನೆಗೆ ಒಯ್ಯುತ್ತೀರಿ, ಪಟ್ಟಿ ಮಾಡಿ: ಅಂಗಿ, ಚಪ್ಪಲಿ, ಮೊಬೈಲು, ಬೈಕಿನ ಸೀಟು, ಡಬ್ಬಿಯ ಚೀಲ, ಬೆವರು ಒರೆಸುವ ಟವೆಲ್.

4. ಕೆಲಸ ಮನೆಯಲ್ಲೇ ನಡೆಯುತ್ತದೆಯೇ? ಹಿತ್ತಲಲ್ಲಿ ಪ್ಲೇಟು ಒಡೆಯುವುದು, ಅಡುಗೆಯ ಒಲೆಯ ಮೇಲೆ ಸೀಸ ಕರಗಿಸುವುದು ಇದ್ದರೆ ಈ ಲೇಖನ ಓದಿ ಮುಗಿಸುವ ಮೊದಲೇ ಅದನ್ನು ನಿಲ್ಲಿಸಿ. ಎಲ್ಲಕ್ಕಿಂತ ಕೆಟ್ಟ ಪರಿಸ್ಥಿತಿ ಇದೇ. ಸೀಸದ ಪುಡಿ ಅಂಗಳದ ಮಣ್ಣಿಗೆ ಸೇರಿದರೆ ಮಳೆಗೆ ಕರಗಿ ಹೋಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಉಳಿದು, ಆಡುವ ಮಗುವಿನ ಬೆರಳಿಗೆ ಅಂಟುತ್ತದೆ.

ಅಂಗಡಿಯೊಳಗೆ ಮಾಡಬೇಕಾದ್ದು

ಕರಗಿಸುವ, ಬಿಚ್ಚುವ ಕೆಲಸವನ್ನು ಶಟರಿನ ಬಳಿಗೆ ತನ್ನಿ. ನಿಮ್ಮ ಬೆನ್ನು ಅಂಗಡಿಯ ಒಳಕ್ಕೆ, ಮುಖ ಹೊರಕ್ಕೆ ಇರಲಿ. ಸಣ್ಣ ಟೇಬಲ್ ಫ್ಯಾನನ್ನು ಬೆನ್ನ ಹಿಂದೆ ಮೆಲ್ಲಗೆ ಓಡಿಸಿ, ಹೊಗೆ ನಿಮ್ಮಿಂದ ಆಚೆ ಹೋಗುವಂತೆ ನೋಡಿಕೊಳ್ಳಿ. ಆದರೆ ಆ ಹೊಗೆ ಪಕ್ಕದ ಚಹಾದಂಗಡಿಗೆ, ಹಣ್ಣಿನ ಗಾಡಿಗೆ ಹೋಗಬಾರದು. ಅಂಥ ಜಾಗವಾದರೆ ಒಳಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನು ಕೂರಿಸಿ, ಅದರ ಎದುರು ಮೇಜು ಇಟ್ಟು, ಜನ ಓಡಾಡದ ಕಡೆಗೆ, ಯಾರದೇ ಕಿಟಕಿಗಿಂತ ಎತ್ತರಕ್ಕೆ ಹೊಗೆ ಬಿಡಬೇಕು. ಪುಡಿಯ ಕೆಲಸ ನಡೆಯುವಾಗ ಸೀಲಿಂಗ್ ಫ್ಯಾನು ಬೇಡ. ಅದು ಧೂಳನ್ನು ಹೊರಗೆ ಕಳಿಸುವುದಿಲ್ಲ, ಎಬ್ಬಿಸಿ ಎಲ್ಲರಿಗೂ ಹಂಚುತ್ತದೆ.

ಪ್ಲೇಟುಗಳನ್ನು ಒಣಗಲು ಬಿಡದೆ ಒದ್ದೆಯಾಗಿಯೇ ತೆಗೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಬೆಳಗಿನ ಗುಡಿಸುವಿಕೆಯನ್ನು ಬಿಟ್ಟು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಗಾಳಿಯ ಪೈಪಿನಿಂದ ಬಟ್ಟೆ, ಮೇಜು ಊದಬೇಡಿ. ಒರೆಸಿದ ನೀರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ. ತಳದಲ್ಲಿ ಕೂತ ಕೆಸರನ್ನು ಸೀಸದ ಗುಜರಿಯೊಡನೆಯೇ ಕೊಟ್ಟುಬಿಡಿ, ಗಿಡಕ್ಕೆ ಹಾಕಬೇಡಿ. ಹಳೆಯ ಬ್ಯಾಟರಿಗಳನ್ನು ನೀವೇ ಒಡೆದು ಕರಗಿಸುವ ಬದಲು ಇಡಿಯಾಗಿ ನೋಂದಾಯಿತ ಖರೀದಿದಾರರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಕೇಳುವುದೂ ಇದನ್ನೇ. ಕಿಲೋಗೆ ನಾಲ್ಕು ರೂಪಾಯಿ ಕಡಿಮೆ ಸಿಕ್ಕರೂ ಧೂಳು ನಿಮ್ಮ ಪಾಲಿಗೆ ಉಳಿಯುವುದಿಲ್ಲ.

ಮಾಸ್ಕಿನ ಬಗ್ಗೆ ಒಂದು ಮಾತು. ಮುಖಕ್ಕೆ ಕಟ್ಟಿದ ಕರವಸ್ತ್ರ ಸೀಸದ ಹೊಗೆಯನ್ನು ತಡೆಯುವುದಿಲ್ಲ. ಒಳ್ಳೆಯ ಮಾಸ್ಕು ಕೂಡ ಮುಖಕ್ಕೆ ಸಂದಿಲ್ಲದೆ ಅಂಟಿದರೆ ಮಾತ್ರ ಕೆಲಸ ಮಾಡುತ್ತದೆ. ಗಡ್ಡ ಬಿಟ್ಟವರಲ್ಲಿ ಅದು ಹಾಗೆ ಅಂಟುವುದಿಲ್ಲ, ಬದಿಯಿಂದ ಗಾಳಿ ನುಗ್ಗುತ್ತದೆ. ಆದ್ದರಿಂದ ಗಡ್ಡವಿರುವ ನಮ್ಮ ಸಹೋದರರು ಮಾಸ್ಕನ್ನೇ ನೆಚ್ಚಿ ಕೂರದೆ, ಗಾಳಿಯ ದಾರಿ ಸರಿ ಮಾಡುವುದಕ್ಕೆ ಹೆಚ್ಚು ಗಮನ ಕೊಡಬೇಕು.

ಹದಿನೆಂಟು ತುಂಬದ ಹುಡುಗರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಅಪಾಯದ ಕೆಲಸಕ್ಕೆ ಅವರನ್ನು ಹಚ್ಚುವುದು ಕಾನೂನಿಗೆ ವಿರುದ್ಧ. ಕಾನೂನು ಒತ್ತಟ್ಟಿಗಿರಲಿ, ರಜೆಯಲ್ಲಿ ‘ಸುಮ್ಮನೆ ಕೂರುವ ಬದಲು ಅಂಗಡಿಗೆ ಬರಲಿ’ ಎಂದು ಕರೆತರುವ ನಮ್ಮದೇ ಮಗನೂ ಈ ಲೆಕ್ಕಕ್ಕೆ ಬರುತ್ತಾನೆ.

ವುಝೂ, ಊಟ, ಇಫ್ತಾರ್

ನಮ್ಮ ದಿನಚರಿಯಲ್ಲೇ ಕೈ ತೊಳೆಯುವುದು ಐದು ಹೊತ್ತು ಇದೆ. ಅದು ದೊಡ್ಡ ಅನುಕೂಲ. ಆದರೆ ಬರಿಯ ನೀರು ಚರ್ಮಕ್ಕೆ ಅಂಟಿದ ಸೀಸವನ್ನು ಪೂರ್ತಿ ತೆಗೆಯುವುದಿಲ್ಲ. ವುಝೂ ಮಾಡುವಾಗ ಅದೇ ಬೊಗಸೆಯ ನೀರು ಬಾಯಿಗೂ ಮೂಗಿಗೂ ಹೋಗುತ್ತದೆ. ಆದ್ದರಿಂದ ಮೊದಲು ಸೋಪು ಹಚ್ಚಿ, ಉಗುರಿನ ಸಂದಿಗೆ ಬ್ರಷ್ ಆಡಿಸಿ, ಮೊಣಕೈವರೆಗೆ ಉಜ್ಜಿ ತೊಳೆಯಿರಿ. ಆಮೇಲೆ ವುಝೂ ಮಾಡಿ. ಉಗುರು ಚಿಕ್ಕದಾಗಿರಲಿ. ಅಂಗಡಿಯಲ್ಲೇ ನಮಾಝ್ ಮಾಡುವವರು ಜಾನಮಾಝನ್ನು ಬಿಚ್ಚಿಟ್ಟು ಹೋಗದೆ, ಮಡಚಿ ಚೀಲದಲ್ಲಿ ಕಟ್ಟಿಡಿ. ಸಜ್ದಾದಲ್ಲಿ ಮೂಗು ಇರುವುದು ಆ ಬಟ್ಟೆಯ ಮೇಲೆಯೇ. ಮಸೀದಿಗೆ ಹೋಗುವುದಾದರೆ ಮೇಲಂಗಿ ತೆಗೆದಿಟ್ಟು ಹೋಗಿ.

ಊಟ, ಚಹಾ, ಅಡಿಕೆ ಯಾವುದೂ ಕೆಲಸದ ಜಾಗದಲ್ಲಿ ಬೇಡ. ರಮಝಾನ್ ತಿಂಗಳಲ್ಲಿ ಇನ್ನೂ ಎಚ್ಚರ ಬೇಕು. ಊಟದ ಜೊತೆ ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹತ್ತರಲ್ಲಿ ಒಂದು ಪಾಲಿನಷ್ಟು ಹೀರುತ್ತದೆ. ಹೊಟ್ಟೆ ಖಾಲಿ ಇದ್ದಾಗ ಅದೇ ದೇಹ ಅರ್ಧಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಇಡೀ ದಿನ ಉಪವಾಸವಿದ್ದು, ಅಝಾನ್ ಕೇಳಿದ ಕೂಡಲೇ ಕೆಲಸದ ಕೈಯಲ್ಲೇ ಬಾಯಿಗಿಟ್ಟ ಒಂದು ಖರ್ಜೂರ ಎಷ್ಟು ಸೀಸ ಒಯ್ಯಬಲ್ಲದು ಎಂದು ಯೋಚಿಸಿ. ಇಫ್ತಾರ್‌ಗೆ ಕಾಲು ಗಂಟೆ ಮೊದಲೇ ಕೆಲಸ ನಿಲ್ಲಿಸಿ, ಸೋಪಿನಿಂದ ಕೈ ಮುಖ ತೊಳೆದು, ಅಂಗಿ ಬದಲಿಸಿ ಕೂರಿ. ಸಹರಿ ಬಿಡಬೇಡಿ.

ಹೊಸ್ತಿಲಲ್ಲಿ, ಮನೆಯಲ್ಲಿ

ಅಂಗಡಿಯಲ್ಲೇ ಒಂದು ಮೊಳೆ, ಒಂದು ಜೊತೆ ಹಳೆಯ ಬಟ್ಟೆ, ಒಂದು ಜೊತೆ ಚಪ್ಪಲಿ ಇರಲಿ. ಕೆಲಸದ ಬಟ್ಟೆ, ಚಪ್ಪಲಿ ಅಲ್ಲೇ ಉಳಿಯಲಿ. ಮನೆಗೆ ಬಂದ ಮೇಲೆ ಮೊದಲು ಸ್ನಾನ – ತಲೆ, ಗಡ್ಡ ಸೇರಿ, ಆಮೇಲೆ ಮಗು. ಮೊದಲ ವಾರ ಮಗು ಅಳುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಕೆಲಸದ ಬಟ್ಟೆ ಒಗೆಯುವ ಸಹೋದರಿಯರೇ, ಇದು ನಿಮಗೆ. ಆ ಬಟ್ಟೆಯನ್ನು ಝಾಡಿಸಬೇಡಿ. ಝಾಡಿಸಿದ ಧೂಳು ಮೊದಲು ಹೋಗುವುದು ನಿಮ್ಮ ಮೂಗಿಗೆ. ಚೀಲದಿಂದ ನೇರ ನೀರಿಗೆ ಹಾಕಿ ನೆನೆಸಿ, ಬೇರೆ ಬಕೆಟ್ಟಿನಲ್ಲಿ, ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಒಗೆಯಿರಿ. ಗರ್ಭಿಣಿಯಾಗಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಒಗೆಯುವ ಕೆಲಸವನ್ನು ಆ ಬಟ್ಟೆ ತೊಟ್ಟವರೇ ಮಾಡಿದರೆ ಇನ್ನೂ ಒಳ್ಳೆಯದು. ಮನೆಯ ನೆಲವನ್ನು ವಾರಕ್ಕೆ ಎರಡು ಸಲವಾದರೂ ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳ ಕೈ, ಆಟಿಕೆ ತೊಳೆಯಿರಿ.

ಅಂಗಡಿಯಿಂದ ಬಾರದ ಸೀಸವೂ ಮನೆಯಲ್ಲಿ ಇರಬಹುದು. ಬಜಾರಿನಲ್ಲಿ ಸಿಗುವ ಎಷ್ಟೋ ಸುರ್ಮಾ ಸೀಸದ ಅದಿರನ್ನೇ ಅರೆದು ಮಾಡಿದ್ದು ಎಂದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡಿದೆ. ಒಳಗೆ ಏನಿದೆ ಎಂದು ತಿಳಿಯದ ಸುರ್ಮಾವನ್ನು ಮಕ್ಕಳಿಗೆ, ಅದರಲ್ಲೂ ಹಸುಗೂಸಿಗೆ ಹಚ್ಚಬೇಡಿ. ಮಗು ಕಣ್ಣುಜ್ಜಿದ ಬೆರಳನ್ನೇ ಬಾಯಿಗೆ ಇಡುತ್ತದೆ. ಮದುವೆಯ ದೇಗು, ತಾಮ್ರದ ಪಾತ್ರೆಗಳಿಗೆ ಕಲಾಯಿ ಮಾಡಿಸುವಾಗ ಸೀಸ ಬೆರೆಯದ ಶುದ್ಧ ತವರವನ್ನೇ ಕೇಳಿ ಹಾಕಿಸಿ.

ರಕ್ತ ಪರೀಕ್ಷೆ

ಸೀಸ ಇದೆಯೋ ಇಲ್ಲವೋ ತಿಳಿಯಲು ಒಂದೇ ನಂಬಿಕೆಯ ದಾರಿ ರಕ್ತ ಪರೀಕ್ಷೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ‘ಬ್ಲಡ್ ಲೆಡ್ ಟೆಸ್ಟ್’ ಎಂದೇ ಕೇಳಬೇಕು. ತಾಲ್ಲೂಕಿನ ಲ್ಯಾಬುಗಳು ಸಾಮಾನ್ಯವಾಗಿ ಮಾದರಿ ತೆಗೆದು ದೊಡ್ಡ ನಗರಕ್ಕೆ ಕಳಿಸುತ್ತವೆ. ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ‘ಮನೆಯವರು ಬ್ಯಾಟರಿ ಕೆಲಸ ಮಾಡುತ್ತಾರೆ.’ ಕಬ್ಬಿಣಾಂಶದ ಔಷಧಿ ಕೊಟ್ಟರೂ ರಕ್ತ ಏರದ ಮಗು, ಮಾತು ತಡವಾದ ಮಗು, ಮಣ್ಣು ತಿನ್ನುವ ಮಗು – ಇವರ ವಿಷಯದಲ್ಲಿ ಈ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ.

ಫಲಿತಾಂಶ ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟ ಯಾವುದೂ ಇಲ್ಲ. 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮಕ್ಕಳಲ್ಲಿ 45 ಮುಟ್ಟಿದರೆ ಆಸ್ಪತ್ರೆಯಲ್ಲಿ ಸೀಸ ಹೊರಹಾಕುವ ಔಷಧಿ ಬೇಕಾಗುತ್ತದೆ. ಕೆಲಸ ಮಾಡುವ ದೊಡ್ಡವರಿಗೆ ಅಮೆರಿಕದ 1978ರ ಕಾನೂನು ಸರಾಸರಿ 50ಕ್ಕೆ ಬಂದರೆ ಆ ಕೆಲಸದಿಂದ ದೂರ ಇಡಬೇಕು ಎಂದಿತು. ಇಂದಿನ ವೈದ್ಯರು ಆ ಮಿತಿಯೇ ಬಹಳ ಹೆಚ್ಚಾಯಿತು ಎನ್ನುತ್ತಾರೆ. ಕೆಲಸಗಾರರು ಆರು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಗುವಿನಲ್ಲಿ ಹೆಚ್ಚು ಬಂದಿದ್ದರೆ, ಮನೆಯ ಅಭ್ಯಾಸ ಬದಲಿಸಿದ ಮೇಲೆ ವೈದ್ಯರು ಹೇಳಿದ ಸಮಯಕ್ಕೆ ಮತ್ತೆ ನೋಡಿಸಿ. ಸಂಖ್ಯೆ ಇಳಿದರೆ ನಿಮ್ಮ ಸೋಪು, ಸ್ನಾನ ಫಲ ಕೊಟ್ಟಿದೆ ಎಂದರ್ಥ. ಇಳಿಯದಿದ್ದರೆ ಸೀಸ ಬರುವ ಇನ್ನೊಂದು ದಾರಿ ಹುಡುಕಬೇಕು. ಸೀಸ ತೆಗೆಯುತ್ತೇವೆ ಎಂದು ಯಾರೋ ಕೊಡುವ ಭಸ್ಮ, ಪುಡಿಗಳ ಹಿಂದೆ ಹೋಗಬೇಡಿ. ಕೆಲವು ಭಸ್ಮಗಳಲ್ಲಿ ಸೀಸವೇ ಇರುತ್ತದೆ.

‘ಬೆಲ್ಲ ತಿಂದರೆ, ಹಾಲು ಕುಡಿದರೆ ಧೂಳು ಇಳಿದು ಹೋಗುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿದೆ. ಹಾಗೆ ಇಳಿಯುವುದಿಲ್ಲ. ಆದರೆ ಕ್ಯಾಲ್ಸಿಯಂ, ಕಬ್ಬಿಣಾಂಶ ಸಾಕಷ್ಟಿರುವ ದೇಹ ಸೀಸವನ್ನು ಕಡಿಮೆ ಹೀರುತ್ತದೆ ಎಂಬುದು ನಿಜ. ಮಗುವನ್ನು ಹಸಿದ ಹೊಟ್ಟೆಯಲ್ಲಿ ಆಡಲು ಬಿಡಬೇಡಿ. ರೊಟ್ಟಿಯ ಜೊತೆ ಮೆಂತ್ಯ ಪಲ್ಲೆ, ಹೆಸರುಕಾಳು, ಮೊಸರು, ಆದಾಗ ಮಾಂಸ, ಮೊಟ್ಟೆ ಕೊಡಿ. ಊಟದ ಮೇಲೆ ಇಂಡಿಯ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಕೊನೆಗೆ

ಇಲ್ಲಿ ಹೇಳಿದ ಎಲ್ಲವನ್ನೂ ಒಂದೇ ದಿನ ಮಾಡಲಾಗದು. ಎಕ್ಸಾಸ್ಟ್ ಫ್ಯಾನಿಗೆ ಹಣ ಬೇಕು, ಮೇಜು ಸರಿಸಲು ಮಾಲೀಕರ ಒಪ್ಪಿಗೆ ಬೇಕು. ಆದರೆ ಒಂದು ಸೋಪು, ಉಗುರಿನ ಬ್ರಷ್, ಬಟ್ಟೆ ನೇತುಹಾಕಲು ಒಂದು ಮೊಳೆ, ಹಳೆಯ ಚಪ್ಪಲಿ – ಇವಕ್ಕೆ ನೂರು ರೂಪಾಯಿಯೂ ಬೇಡ. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಇವನ್ನು ಜೊತೆಗೆ ಒಯ್ಯಿರಿ. ನಿಮ್ಮ ಕೈ ಕೆಳಗೆ ಕಲಿಯುವ ಹುಡುಗರಿಗೂ ಇವನ್ನು ಕೊಡಿಸಿ. ಅವರ ಮನೆಯಲ್ಲೂ ಸಂಜೆ ಬಾಗಿಲಲ್ಲಿ ಕಾಯುವ ಮಕ್ಕಳಿದ್ದಾರೆ.